ಶಿವಗಂಗಾ ನಿಂತ ಜಾಗ

ಸೇಡಂ ಕಡೆಯ ಶಿವಗಂಗಾ ನಾಂಪಲ್ಲಿ ಹತ್ತಿರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿ ಕೂದಲು ನೆರೆಸಿಕೊಂಡವಳು. ಇಂಥವಳು ಹೋದ ವರ್ಷ ಮತ್ತೆ ತರಗತಿಗೆ ಹೋಗಿ ಕೂತಳು ನೋಡ್ರಿ! ಹೊಸ ತರಬೇತಿ ಬಂದಿತ್ತು. ಅದನ್ನು ಮುಗಿಸಿದ ನರ್ಸು ತೊಡಕಿಲ್ಲದ ಹೆರಿಗೆಯನ್ನು ತಾನೇ ಮುಂದೆ ನಿಂತು ಮಾಡಿಸಬಹುದು. ಕರೆದರೆ ಮಾತ್ರ ಡಾಕ್ಟರು ಬರುತ್ತಾರೆ. ಲಿಂಗಂಪಲ್ಲಿಯ ಮನೆಯಲ್ಲಿ ಗಂಡ ಬಿದ್ದು ಬಿದ್ದು ನಕ್ಕ.

"ಇಷ್ಟು ವರ್ಷ ನರ್ಸಾಗಿ ಈಗ ಸೂಲಗಿತ್ತಿ ಆಗಾಕ ಓದ್ತೀಯೇನ?"

"ಹೂಂ, ಓದ್ತೀನಿ. ನೀ ಅನ್ನಕ್ಕಿಡು," ಅಂದಳು.

ಪಾಸೂ ಆದಳು. ಮೊದಲ ಸರದಿಗೆ ಬಂದವಳು ರೇಣುಕಾ, ಯಾದಗಿರಿ ಕಡೆಯಿಂದ ಬಂದು ಕೂಕಟ್‌ಪಲ್ಲಿಯಲ್ಲಿ ಕಟ್ಟಡದ ಕೆಲಸ ಮಾಡುವ ಹುಡುಗಿ. ಚೊಚ್ಚಲು. ನೋವು ನಿಧಾನಕ್ಕೆ ಏರುತ್ತಿತ್ತು, ಅತ್ತೆ ಗಂಗಾಬಾಯಿಯ ಸಿಟ್ಟು ಮಾತ್ರ ಸರ್ರನೆ ಏರಿತು.

"ಡಾಕ್ಟರ್ ಎಲ್ಲದಾರ? ಆಪರೇಷನ್ ಮಾಡಿ ತಗದುಬಿಡ್ರಿ!"

ಶಿವಗಂಗಾ ಅಳುಕಿದಳು. ಸ್ವಲ್ಪ ಹೆಚ್ಚುಕಮ್ಮಿಯಾದರೂ ನರ್ಸಿನ ಕೈಗೆ ಕೊಟ್ಟು ಕೆಡಿಸಿದರು ಅನ್ನೋರು ಕಾಯ್ತಾ ಕೂತಿದ್ದರು. ಆಮೇಲೆ ಜನ್ಮವಿಡೀ ಡಾಕ್ಟರ ಪಕ್ಕ ಟ್ರೇ ಹಿಡಿಯೋದೇ ಸೈ! ಓಡಿಹೋಗಿ ಡಾಕ್ಟರ್ ಪ್ರಹ್ಲಾದರನ್ನು ಕೇಳಿದಳು, "ಸರ್, ಏನ್ ಮಾಡ್ಲಿ?"

"ನೀವೇನು ನೋಡಿದ್ರಿ, ಹೇಳಿ."

"ಕೂಸಿನ ಎದೆಬಡಿತ ಚಲೋ ಐತ್ರಿ. ತಾಯೀನೂ ಗಟ್ಟಿ ಅದಾಳ. ಕಾಯಬಹುದು."

"ಮತ್ತೆ ನನ್ನನ್ಯಾಕೆ ಕೇಳ್ತೀರಮ್ಮ? ಇಲ್ಲೇ ಇರ್ತೀನಿ, ಬೇಕಾದ್ರೆ ಕೂಗಿ."

ತಿರುಗಿ ಬಂದವಳ ಕಳೆಯೇ ಬೇರೆ! ರೇಣುಕಾಳನ್ನು ಮಂಚದಿಂದ ಎಬ್ಬಿಸಿ ಅಡ್ಡಾಡಿಸಿದಳು, ಕಿಟಕಿಯ ಸರಳು ಹಿಡಿಸಿ ಕುಕ್ಕರುಗಾಲಲ್ಲಿ ಕೂರಿಸಿದಳು. "ನೀವು ಬೈಯೋದು ಬಿಟ್ಟು ಸೊಸಿ ಸೊಂಟ ತಿಕ್ರಿ," ಅಂತ ಗಂಗಾಬಾಯಿಗೂ ಕೆಲಸ ಹಚ್ಚಿದಳು. ಮುದುಕಿ ತಿಕ್ಕಿದಳು, ಬೈಯೋದನ್ನೂ ಬಿಡಲಿಲ್ಲ.

ಮಧ್ಯಾಹ್ನ ರೇಣುಕಾ ಮತ್ತೆ ಮಂಚವೇರಿದಳು, ಕೂಸಿನ ತಲೆ ಕಂಡಿತು. ಆಗ ನಮ್ಮ ಶಿವಗಂಗಾ ಏನು ಮಾಡಬೇಕು? ಥಟ್ಟನೆ ಪಕ್ಕಕ್ಕೆ ಸರಿದು ನಿಂತಳು! ತಲೆ ಕಂಡ ಕೂಡಲೇ ಡಾಕ್ಟರಿಗೆ ಜಾಗ ಬಿಡೋದು ಇಷ್ಟು ವರ್ಷದ ರೂಢಿ, ಕಾಲು ತಾನಾಗಿಯೇ ಸರಿದಿತ್ತು. ಬಿಟ್ಟ ಜಾಗದಲ್ಲಿ ಯಾರೂ ಇಲ್ಲ.

"ಅಕ್ಕಾ, ಎಲ್ಲಿ ಹೊಂಟ್ರಿ?" ರೇಣುಕಾ ಚೀರಿದಳು.

"ಎಲ್ಲೂ ಇಲ್ಲವ್ವಾ, ಇಲ್ಲೇ ಅದೀನಿ!" ಒಂದೇ ಹೆಜ್ಜೆಗೆ ಮುಂದೆ ಬಂದು ಕೈಯೊಡ್ಡಿದಳು. ಬೆಚ್ಚಗಿನ ಹೆಣ್ಣುಕೂಸು ಜಾರಿಕೊಂಡು ಅವಳ ಕೈಗೇ ಬಂತು, ಬಂದದ್ದೇ ಸೂರು ಹಾರಿಹೋಗೋ ಹಾಗೆ ಅತ್ತಿತು. ಅಬ್ಬಾ! ಶಿವಗಂಗಾಳಿಗೆ ಅಲ್ಲೇ ಕುಣಿಯಬೇಕು ಅನ್ನಿಸಿಬಿಟ್ಟಿತು.

ಗಂಗಾಬಾಯಿ ಕಣ್ಣೊರೆಸಿಕೊಂಡು ಮಗನಿಗೆ ಫೋನು ಹಚ್ಚಿದಳು. ಒಂದಿಷ್ಟು ಮಾತಾಡಿ ಈ ಕಡೆ ತಿರುಗಿದಳು.

"ಹೆರಿಗಿ ಮಾಡಿಸಿದ ಡಾಕ್ಟರ್ ಹೆಸರೇನಂತ ಕೇಳಾಕತ್ಯಾನ. ಏನ್ ಹೇಳ್ಲಿ?"

ಈ ಪ್ರಶ್ನೆಗೆ ಶಿವಗಂಗಾ ಇಷ್ಟು ವರ್ಷ ಯಾರ್ಯಾರದೋ ಹೆಸರು ಹೇಳಿದ್ದಳು.

"ಶಿವಗಂಗಾ ಅಂತ ಹೇಳ್ರಿ," ಅಂದಳು. "ನರ್ಸ್."