ನಾಲ್ಕೂ ಒಲೆ ಉರಿಯುತ್ತಿವೆ ಎಂದು ಬರೆದದ್ದು

ಹೋದ ತಿಂಗಳು ಮುಧೋಳದಲ್ಲಿ ಬಸ್ಸಿಗೆ ಕಾಯುತ್ತ ಕೋಳಿ ಆಹಾರದ ಅಂಗಡಿಯೊಂದರ ನೆರಳಿಗೆ ನಿಂತಿದ್ದೆ. ಬಾಗಿಲ ಬಳಿ ಬಾಯಿ ಬಿಚ್ಚಿದ ಚೀಲ, ಅದರ ತುಂಬ ಕಂದು ಬಣ್ಣದ ಒಣ ಹುಳ. ರೇಷ್ಮೆಗೂಡು ಬೇಯಿಸಿ ನೂಲು ತೆಗೆದ ಮೇಲೆ ಒಳಗೆ ಉಳಿಯುವ ಹುಳವದು. ಒಣಗಿಸಿದರೆ ಕೋಳಿಗೆ ಮೇವಾಗುತ್ತದೆ. ಆ ವಾಸನೆಯ ಅಭ್ಯಾಸವಿಲ್ಲದವರು ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದರು. ನಾನು ಅಲ್ಲೇ ನಿಂತೆ. ಜಮಖಂಡಿಯ ಎರಡು ಬಸ್ಸು ಬಂದು ಹೋದವು, ಹತ್ತಲಾಗಲಿಲ್ಲ...

ರಬಕವಿಯ ನಮ್ಮ ಓಣಿಯಲ್ಲಿ ಆ ವಾಸನೆ ಬರುತ್ತಿದ್ದದ್ದು ಎದುರು ಮನೆಯ ಕಾಕಾನ ಹಿತ್ತಲಿಂದ. ರಕ್ತಸಂಬಂಧವಿರಲಿಲ್ಲ, ಹುಟ್ಟಿದಾಗಿನಿಂದ ಹಾಗೆ ಕರೆದೆವು. ನೇಯುವವರು ನಮ್ಮಲ್ಲಿ ಮನೆಗೊಬ್ಬರು. ಗೂಡಿನಿಂದ ನೂಲು ತೆಗೆಯುವವರು, ನನಗೆ ತಿಳಿದ ಮಟ್ಟಿಗೆ, ಅವರೊಬ್ಬರೇ. ಚಿಮ್ಮಡದ ಕಡೆಯ ತೋಟಗಳಿಂದ ಗೂಡು ತರುತ್ತಿದ್ದರು. ತಗಡಿನ ಶೆಡ್ಡಿನಲ್ಲಿ ನಾಲ್ಕು ಒಲೆ, ಒಂದೊಂದರ ಮೇಲೆ ಬಿಸಿನೀರಿನ ತೊಟ್ಟಿ, ಒಂದೊಂದಕ್ಕೆ ಒಬ್ಬ ಹೆಣ್ಣುಮಗಳು. ಬೇರೆ ಬೇರೆ ಗೂಡುಗಳ ಎಳೆ ಕೂಡಿಸಿ ಒಂದೇ ನೂಲಾಗಿ ಎಳೆಯುವಾಗ ಅವರ ಬೆರಳುಗಳು ಬಿಸಿಗೆ ಬೆಳ್ಳಗಾಗಿ ಸುಕ್ಕುಗಟ್ಟಿರುತ್ತಿದ್ದವು.

ನಾನು ಬನಹಟ್ಟಿಯ ಒಂದು ನೂಲಿನ ಅಂಗಡಿಯಲ್ಲಿ ಕಾರಕೂನನಾಗಿದ್ದೆ. ನಮ್ಮ ಮಾಲಕರು ಮಾರುತ್ತಿದ್ದದ್ದು ಚೀನಾದ ರೇಷ್ಮೆ. ಎಳೆ ಒಂದೇ ಸಮ, ಮಗ್ಗದಲ್ಲಿ ಕಡಿಮೆ ಹರಿಯುತ್ತಿತ್ತು. ಅದನ್ನು ಬೇಡಿದ ನೇಕಾರರದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಅದರ ಮೇಲೆ ಸರಕಾರದ ಹೆಚ್ಚುವರಿ ಸುಂಕವೊಂದಿತ್ತು. ಹೊರಗಿನವರು ತಮ್ಮ ದೇಶದ ದರಕ್ಕಿಂತ ಅಗ್ಗವಾಗಿ ಇಲ್ಲಿ ತಂದು ಸುರಿದು, ಅದರಿಂದ ಇಲ್ಲಿನ ಉದ್ಯೋಗಕ್ಕೆ ಪೆಟ್ಟು ಬಿದ್ದರೆ ಹಾಕುವ ಸುಂಕ. ಅದಕ್ಕೊಂದು ಅವಧಿ ಇರುತ್ತದೆ. ಅವಧಿ ಮುಗಿಯುವ ಮೊದಲು, ಮುಂದುವರಿಸಬೇಕೋ ಬೇಡವೋ ಎಂದು ದಿಲ್ಲಿಯಲ್ಲಿ ವಿಚಾರಣೆ ನಡೆಯುತ್ತದೆ. ಸುಂಕ ಇದ್ದುದರಿಂದಲೇ ಕಾಕಾನ ಒಲೆಗಳು ಉಳಿದಿದ್ದವು. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ವರ್ಷ ವಿಚಾರಣೆ ಶುರುವಾದಾಗ ಆಮದುದಾರರ ವಕೀಲರು ಮಾಲಕರೊಂದಿಗೆ ಫೋನಿನಲ್ಲಿ ಮಾತಾಡಿದರು. ಮಾಲಕರು ಸ್ಪೀಕರ್ ಹಚ್ಚಿಟ್ಟು ನನಗೆ ಬರೆದುಕೊಳ್ಳಲು ಹೇಳಿದ್ದರು. ಬರೆದುಕೊಂಡದ್ದು ಇಷ್ಟು: ಇಲ್ಲಿನ ಉತ್ಪಾದಕರಿಗೆ ಪೆಟ್ಟು ಬಿದ್ದಿಲ್ಲ, ಸುಂಕ ತೆಗೆದರೂ ಬೀಳುವುದಿಲ್ಲ ಎಂದಾದರೆ ಸುಂಕ ಹೋಗುತ್ತದೆ, ಉತ್ಪಾದಕರೇ ಹಾಗೆ ಹೇಳಿಕೊಂಡಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಒಂದು ವಾರವಾಗಿರಬೇಕು, ಕಾಕಾ ಇಂಗ್ಲಿಷಿನ ಕಾಗದಗಳ ಕಟ್ಟೊಂದನ್ನು ಹಿಡಿದು ನಮ್ಮ ಮನೆಗೆ ಬಂದರು. ನೂಲು ತೆಗೆಯುವವರ ಸಂಘದಿಂದ ಬಂದ ಪ್ರಶ್ನಾವಳಿ. ಉತ್ತರ ತುಂಬಿ ಕಳಿಸಿದರೆ ದಿಲ್ಲಿಗೆ ಮುಟ್ಟುತ್ತದೆ ಅಂದರು. ನಾನು ಯಾರ ಅಂಗಡಿಯಲ್ಲಿ ದುಡಿಯುತ್ತೇನೆಂದು ಅವರಿಗೆ ಗೊತ್ತಿತ್ತು. ಆದರೂ ನನ್ನ ಬಳಿಯೇ ಬಂದರು. ಶೆಡ್ಡಿನಲ್ಲೇ ಕೂತು ಬರೆಯೋಣ ಎಂದು ಕರೆದುಕೊಂಡು ಹೋದರು.

ಆ ಬೆಳಿಗ್ಗೆ ಎರಡು ಒಲೆ ಉರಿಯುತ್ತಿದ್ದವು. ಉಳಿದೆರಡರ ತೊಟ್ಟಿಗಳನ್ನು ಬೋರಲು ಹಾಕಿ ಎಷ್ಟೋ ತಿಂಗಳಾಗಿತ್ತು. ಎಷ್ಟು ಒಲೆ ಇವೆ, ಎಷ್ಟು ನಡೆಯುತ್ತಿವೆ ಎಂಬ ಪ್ರಶ್ನೆ ಓದಿ ಹೇಳಿದೆ.

“ನಾಕೂ ಉರ್ಯಾಕತ್ತಾವ ಅಂತ ಬರಿ.”

“ಎರಡ ಉರ್ಯಾಕತ್ತಾವಲ್ರಿ ಕಾಕಾ.”

“ಅದು ಓಣಿಗೆ ಗೊತ್ತೈತಿ. ದಿಲ್ಲಿಗ್ಯಾಕ ಗೊತ್ತಾಗಬೇಕೋ ತಮ್ಮಾ?”

ತೊಟ್ಟಿಯ ಮುಂದೆ ಕೂತಿದ್ದವಳು ತಲೆ ಎತ್ತದೆ ಅಂದಳು: “ಹಂಗಾರ ನಾಕು ಮಂದಿ ಪಗಾರ ನಮ್ಮಿಬ್ಬರಿಗೇ ಕೊಡ್ರಿ ಮತ್ತ.” ಇನ್ನೊಬ್ಬಳು ನಕ್ಕಳು. ಕಾಕಾನೂ ನಕ್ಕರು.

ಅವರ ಲೆಕ್ಕ ಬೇರೆ ಇತ್ತು. ಹೆಣ್ಣು ನೋಡಲು ಬಂದವರ ಮುಂದೆ ಯಾರಾದರೂ ಮನೆಯ ಕೊರತೆ ತೋಡಿಕೊಳ್ಳುತ್ತಾರೆಯೇ ಎಂದು ಕೇಳಿದರು. ಬ್ಯಾಂಕಿನವರು ಬಂದಾಗಲೂ ಧಂದೆ ಭರ್ಜರಿ ನಡೆದಿದೆ ಎಂದೇ ಹೇಳುತ್ತಿದ್ದರಂತೆ. ಗಟ್ಟಿಯಾಗಿ ನಿಂತವರನ್ನು ಸರಕಾರ ಉಳಿಸುತ್ತದೆ, ಕುಸಿದವರನ್ನು ಯಾರು ಕೇಳುತ್ತಾರೆ... ಅದು ಅವರ ನಂಬಿಕೆಯಾಗಿತ್ತು. ಕಾಯ್ದೆ ಅದಕ್ಕೆ ಪೂರಾ ತಿರುಗುಮುರುಗು ಎಂದು ಆ ಶೆಡ್ಡಿನಲ್ಲಿ ತಿಳಿದಿದ್ದವನು ನಾನೊಬ್ಬನೇ.

ಕೊನೆಗೆ ಆ ಪ್ರಶ್ನೆ ಬಂತು. ಆಮದಿನಿಂದ ನಿಮಗೆ ಹಾನಿಯಾಗಿದೆಯೇ? ನಾನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅವರು ಕೈ ಅಡ್ಡ ಹಿಡಿದರು. ಅವರ ಮನೆತನದಲ್ಲಿ ಉರಿಯುವ ಒಲೆಯ ಮುಂದೆ ಹಾನಿಯ ಮಾತು ಆಡುತ್ತಿರಲಿಲ್ಲ. ಯಾರು ಕೇಳಿದರೂ ಛಲೋ ನಡೆದಿದೆ ಎಂದೇ ಉತ್ತರ. ಆ ರೂಢಿ ನನಗೆ ಚಿಕ್ಕಂದಿನಿಂದ ಗೊತ್ತಿತ್ತು.

“ಒಲಿ ಮುಂದ ಆ ಮಾತು ಬ್ಯಾಡ. ಏನೂ ಆಗಿಲ್ಲಂತ ಬರದು ಮುಗಸು.”

‘ಹೊರಗ ಬರ್ರಿ ಕಾಕಾ, ಕಟ್ಟಿ ಮ್ಯಾಲೆ ಕೂತು ಹೇಳತೀನಿ’ ಅಂದಿದ್ದರೆ ಸಾಕಿತ್ತು. ಅಂಗಳಕ್ಕೆ ಹತ್ತು ಹೆಜ್ಜೆಯೂ ಇರಲಿಲ್ಲ. ನಾನು ಅನ್ನಲಿಲ್ಲ. ಮರೆವಲ್ಲ, ಗಡಿಬಿಡಿಯೂ ಅಲ್ಲ. ಫೋನಿನಲ್ಲಿ ಕೇಳಿದ ಆ ವಾಕ್ಯ ನನ್ನ ತಲೆಯಲ್ಲಿ ಸ್ಪಷ್ಟವಾಗಿತ್ತು. ಇಲ್ಲ ಎಂದು ಬರೆದೆ. ಅವರು ಅಕ್ಷರ ಕೂಡಿಸಿ ಕೂಡಿಸಿ, ಕನ್ನಡದಲ್ಲಿ ಸಹಿ ಮಾಡಿದರು.

ಮರುದಿನ ಅಂಗಡಿಗೆ ಹೋದೊಡನೆ, ಕಾಕಾ ಏನು ಬರೆಸಿದರೆಂದು ಮಾಲಕರಿಗೆ ಹೇಳಿದೆ. ಅವರು ಕೇಳಿರಲಿಲ್ಲ. ನಾನಾಗಿಯೇ ಹೇಳಿದೆ. “ಶಾಣ್ಯಾ ಅದೀಪಾ,” ಅಂದರು, ಎದುರಿನ ಕುರ್ಚಿ ತೋರಿಸಿದರು. ಅಂದಿನವರೆಗೆ ನಾನು ಅವರ ಮುಂದೆ ಕೂತಿರಲಿಲ್ಲ.

ಆದೇಶ ಬಂದಾಗ ಓದಿದೆ. ಸುಂಕ ಮುಂದುವರಿಸಲಿಲ್ಲ. ಒಬ್ಬರ ಕಾಗದದಿಂದ ಅಷ್ಟು ದೊಡ್ಡ ವಿಷಯ ತೀರ್ಮಾನವಾಗುವುದಿಲ್ಲ. ಎಷ್ಟೋ ಊರುಗಳ ಉತ್ತರಗಳು, ಎಷ್ಟೋ ಕಾರಣಗಳು. ಅದನ್ನು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ಆದರೆ ಅದರೊಳಗೊಂದು ಸಾಲಿತ್ತು: ಕೆಲವು ಸಣ್ಣ ಉತ್ಪಾದಕರೇ ತಮ್ಮ ಸಾಮರ್ಥ್ಯ ಪೂರ್ಣ ಬಳಕೆಯಲ್ಲಿದೆ, ಆಮದಿನಿಂದ ಹಾನಿಯಿಲ್ಲ ಎಂದು ತಿಳಿಸಿದ್ದಾರೆ.

ಕಾಕಾ ಕೇಳಲು ಬಂದರು. ಸುಂಕ ಹೋದದ್ದು ಅವರಿಗೆ ಆಗಲೇ ಗೊತ್ತಾಗಿತ್ತು. ಅವರ ಪ್ರಶ್ನೆ ಬೇರೆಯೇ.

“ನಾ ಹೇಳಿದ್ದು ಅಲ್ಲಿತನಕ ಮುಟ್ಟಿತ್ತೇನು?”

“ಮುಟ್ಟೇತ್ರಿ ಕಾಕಾ.”

ಅವರ ಮುಖದಲ್ಲಿ ಸ್ವಲ್ಪ ಸಮಾಧಾನ ಕಂಡಿತು. ನಮ್ಮ ಮಾತು ಕೇಳಿಯೂ ಹಿಂಗ ಮಾಡಿದರಲ್ಲ, ಇರಲಿ, ಎಂದು ಎದ್ದು ಹೋದರು. ಬಾಗಿಲವರೆಗೂ ಹೋಗಿ ಕಳಿಸಿಬಂದೆ.

ಚೀನಾದ ನೂಲಿನ ದರ ಇಳಿಯಿತು. ಕಾಕಾನ ನೂಲನ್ನು ಕೇಳುವವರು ಇಲ್ಲವಾದರು. ಮೂರನೆಯ ಒಲೆ ಆರಿತು, ಶ್ರಾವಣದ ಹೊತ್ತಿಗೆ ನಾಲ್ಕನೆಯದೂ. ಆ ಇಬ್ಬರು ಹೆಣ್ಣುಮಕ್ಕಳು ಪವರ್‌ಲೂಮಿನಲ್ಲಿ ಕಂಡಿಕೆಗೆ ನೂಲು ಸುತ್ತಲು ಹೋದರು. ಕಾಕಾ ಮುಂದೆ ಬಹಳ ವರ್ಷ ಇದ್ದರು, ಆದರೆ ಶೆಡ್ಡಿನ ಕಡೆ ಮುಖ ಮಾಡಿ ಕೂರುತ್ತಿರಲಿಲ್ಲ. ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಹೆಗಲೂ ಕೊಟ್ಟೆ...

ಮುಧೋಳದಿಂದ ಬಂದ ದಿನ ಮನೆಗೆ ಹೋಗದೆ ನೇರ ಅವರ ಮನೆಗೆ ಹೋದೆ. ಕಾಕಾನ ಹೆಂಡತಿ ಕಾಕು ಒಬ್ಬಳೇ ಕೂತು ಶೇಂಗಾ ಸುಲಿಯುತ್ತಿದ್ದಳು. ಹೇಳಿಬಿಡಬೇಕೆಂದೇ ಹೋಗಿದ್ದೆ. “ಕಾಕು, ಅವತ್ತು ದಿಲ್ಲಿಗೆ ಒಂದು ಕಾಗದ ಬರದಿದ್ದೆನಲ್ಲ...” ಎಂದು ಶುರು ಮಾಡಿದೆ. ನಾನು ಹಳೆಯದನ್ನು ನೆನೆಯುತ್ತಿದ್ದೇನೆ ಎಂದುಕೊಂಡಳು. ನೆನಪಿಲ್ಲದೇನು ಅಂದಳು. ಮುಂದೆ ಕಾಗದಪತ್ರ ಏನೇ ಬಂದರೂ ಕಾಕಾ ನನ್ನ ಹೊರತು ಬೇರೆಯವರ ಕೈಗೆ ಕೊಡಲು ಬಿಡುತ್ತಿರಲಿಲ್ಲವಂತೆ.

“ನಾವು ಹೇಳಿದಷ್ಟ ಬರೀತಾನ, ತನ್ನದೊಂದು ಅಕ್ಷರ ಸೇರಸಂಗಿಲ್ಲ, ಅಂತಿದ್ರು ನಿನ್ನ.”

ಸುಲಿದ ಶೇಂಗಾ ಒಂದು ಮುಷ್ಟಿ ನನ್ನ ಕೈಗೆ ಹಾಕಿದಳು. ತಿಂದೆ. ಉಳಿದದ್ದನ್ನು ಹೇಳದೆ ಎದ್ದುಬಂದೆ. ಕಾಕಾ ಅಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ; ಅವರು ಹೇಳಿದಷ್ಟನ್ನೇ ಬರೆದಿದ್ದೆ.