ಸಪ್ಪಳ ಮಾಡದ ಚಾಕು

ಮೊನ್ನೆ ತಮ್ಮನ ಮಗಳು ಗೌರಿ ಬೆಟ್ಟ ಹತ್ತಲು ಹೊರಟವಳು ಹೊಸ ಮಡಚುವ ಚಾಕು ತಂದು ತೋರಿಸಿದಳು. ಕತ್ತರಿ, ಗರಗಸ, ಡಬ್ಬಿ ತೆಗೆಯುವ ಕೊಕ್ಕೆ, ಎಲ್ಲ ಅದರ ಹೊಟ್ಟೆಯಲ್ಲೇ. ‘ಟಕ್’ ಎಂದು ಮಡಚಿ ನನ್ನ ಕೈಗೆ ಕೊಡಬಂದಳು. “ಕೆಳಗಿಡವ್ವಾ” ಎಂದೆ. ಚಾಕು ಕೈಯಿಂದ ಕೈಗೆ ದಾಟಿದರೆ ಹಗೆ ಹುಟ್ಟುತ್ತದೆ ಎಂಬುದು ನನ್ನ ತಾಯಿಯ ತಾಯಿ, ನಮ್ಮ ಆಯಿ, ಕಲಿಸಿದ ಪಾಠ.

ನಾನೂ ಒಮ್ಮೆ ಇಂಥ ಚಾಕುವಿಗೆ ಆಸೆಪಟ್ಟವಳೇ. ಕಮಠಾಣದ ಹತ್ತಿರ ಕಾಲೇಜಿನ ಶಿಬಿರವಿತ್ತು. ಮೂರು ದಿನ ಡೇರೆಯಲ್ಲಿ ಇರಬೇಕು ಎಂದದ್ದೇ ತಡ, ಹುಲಿಯೇ ಎದುರಾಗುತ್ತದೆಂಬಂತೆ ಸಜ್ಜಾಗಿದ್ದೆ. ಕೊನೆಗೆ ನಾನು ಅಲ್ಲಿ ಕೊಯ್ದದ್ದು ಉಳ್ಳಾಗಡ್ಡಿ ಮತ್ತು ನನ್ನದೇ ಬೆರಳು, ಆ ಮಾತು ಇರಲಿ. ಬೀದರಿನ ಚೌಬಾರದ ಬಳಿಯ ಅಂಗಡಿಗೆ ಹೊರಟಾಗ ಆಯಿ ಸೆರಗು ಹೊದ್ದು ಹಿಂದೆಯೇ ಬಂದಳು. “ಚಾಕು ನಾ ಆರಿಸ್ತೇನಿ. ನಿನಗೇನ್ ತಿಳೀತದ?”

ಅವಳು ಅಲಗು ಹರಿತವಿದೆಯೇ ಎಂದು ನೋಡಲೇ ಇಲ್ಲ. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಮಡಚಿದಳು. “ಇದು ಬಾಯಿಬಡಕ. ಇದೂ ಬಾಯಿಬಡಕ.” ನಾನು ನಾಚಿಕೆಯಿಂದ ಬೀದಿ ನೋಡುತ್ತ ನಿಂತೆ. ಅಂಗಡಿಯ ನಡುವಯಸ್ಸಿನ ಸಾಬರು ನಕ್ಕರು.

“ಸಪ್ಪಳ ಆದ್ರೇನೇ ಮಾಲು ಪಕ್ಕಾ ಅಮ್ಮಾ.”

“ಜ್ವಾಳದಾಗ ಅಡಗಿ ಕುಂತವರಿಗಿ ಕೇಳು ತಮ್ಮಾ.”

ಸಾಬರ ನಗು ನಿಂತಿತು. “ಯಾವಾಗ್ರಿ?”

“ಪೊಲೀಸ್ ಆಕ್ಷನ್ನಿಗಿ ಹತ್ತು ದಿನ ಮೊದಲ. ನಮ್ಮದು ಎಕಂಬಾ. ನಿಜಾಮನ ರಜಾಕಾರ್ರು ಬರ್ಲತ್ತಾರಂತ ಊರ ಮಂದಿ ಓಡಿದ್ರು. ನಾ ಇಕಿ ಅವ್ವನ ಎತ್ಕೊಂಡು ಜ್ವಾಳದಾಗ ಹೊಕ್ಕೆ. ಕೂಸು ಅಳಬಾರ್ದಂತ ಸೌತಿಕಾಯಿ ಹೆಚ್ಚಿ ಬಾಯಾಗಿಟ್ಟೆ. ಚಾಕು ಮಡಚಿದೆ ನೋಡು, ಟಕ್ ಅಂತು. ಹಾದ್ಯಾಗ ಹೊಂಟವ್ರು ನಿಂತ್ರು. ಅಷ್ಟ್ರಾಗ ಒಂದು ಲಾವಕ್ಕಿ ಪುರ್ರಂತ ಹಾರ್ತು. ಹಕ್ಕಿ ಸಪ್ಪಳಂತ ತಿಳ್ಕೊಂಡು ಹೋದ್ರು.”

ಆಮೇಲೆ ಜೋಳದಲ್ಲೇ ಅಡಗಿದ್ದ ಎರಡು ದಿನ ಅವಳು ಆ ಚಾಕು ಮಡಚಲಿಲ್ಲವಂತೆ. ನೆಲಕ್ಕಿಟ್ಟರೆ ಕೂಸು ಹಿಡಿದೀತು, ಎಸೆದರೆ ಕೈಯಲ್ಲಿ ಇನ್ನೇನೂ ಇಲ್ಲ. ಅಲಗನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿದು ಕೂತಿದ್ದಳು. ಅವಳ ಅಂಗೈಯ ಆ ಉದ್ದ ಗಾಯದ ಗುರುತನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಕುಡುಗೋಲು ತಾಗಿದ್ದೆಂದು ನಂಬಿದ್ದೆ, ಕೇಳುವ ಬುದ್ಧಿಯೂ ನನಗಿರಲಿಲ್ಲ.

ಸಾಬರು ಹರವಿದ್ದ ಚಾಕುಗಳನ್ನು ಬದಿಗೆ ಸರಿಸಿದರು. ಆಮೇಲೆ ಮೆಲ್ಲಗೆ, “ನಾವು ಆಕ್ಷನ್ ಆಗಿ ಹತ್ತು ದಿನ ಆದಮ್ಯಾಲ್ರಿ ಅಮ್ಮಾ. ಭಾಲ್ಕಿ ಕಡೆ. ನಮ್ದೂ ಜ್ವಾಳದಾಗೇ. ಅಮ್ಮಿ ನನ್ನ ಬಾಯಾಗ ಸೆರಗು ತುರುಕಿದ್ಳು” ಎಂದರು.

ಇಪ್ಪತ್ತು ದಿನದ ಅಂತರ, ಇಬ್ಬರು ತಾಯಂದಿರು, ಅದೇ ಹಂಗಾಮಿನ ಜೋಳ. ಆಯಿ ಸಾಬರ ಕಡೆಯವರಿಗೆ ಹೆದರಿದ್ದಳು, ಅವರು ಇವಳ ಕಡೆಯವರಿಗೆ. ಆ ದಂಟುಗಳು ಮಾತ್ರ ಯಾರ ಹೆಸರನ್ನೂ ಕೇಳದೆ ಇಬ್ಬರನ್ನೂ ಮುಚ್ಚಿಟ್ಟುಕೊಂಡಿದ್ದವು.

ಸಾಬರು ತಮ್ಮ ಕಿಸೆಯಿಂದ ಹಳೆಯ ಚಾಕು ತೆಗೆದರು. ಹಿಡಿಯ ಒಳಗೆ ತೊಗಲಿನ ಪಟ್ಟಿ ಕೂರಿಸಿದ್ದರು. ಆಯಿಯ ಕಿವಿಯ ಬಳಿ ಹಿಡಿದು ಮಡಚಿದರು. ಏನೂ ಕೇಳಿಸಲಿಲ್ಲ. “ಇದು ನಾ ಮಾರೋದಲ್ರಿ. ಒಯ್ರಿ” ಎಂದು ವಾಡಿಕೆಯಂತೆ ಹಲಗೆಯ ಮೇಲಿಡಲು ಬಾಗಿದರು. ಆಯಿ ತಡೆದಳು. ಯಾರ ಕೈಯಿಂದಲೂ ಎಂದೂ ಚಾಕು ತೆಗೆದುಕೊಳ್ಳದವಳು ಗಾಯದ ಗುರುತಿನ ಆ ಅಂಗೈಯನ್ನೇ ಚಾಚಿದಳು.

“ಕೈಯಾಗೇ ಕೊಡು ತಮ್ಮಾ. ಆಗೋ ಹಗಿ ಎಲ್ಲ ಆಗಿ ಹೋಗ್ಯಾದ.”

ಮೊನ್ನೆ ಅಲಮಾರಿಯಿಂದ ಅದೇ ಚಾಕು ತಂದು ಗೌರಿಯ ಕಿವಿಯ ಬಳಿ ಮಡಚಿದೆ.

“ಏನೂ ಕೇಳಿಸ್ಲಿಲ್ಲ, ಅತ್ಯಾ.”

ಅವಳಿಗೆ ಇದನ್ನೆಲ್ಲ ಹೇಳಿದೆ. ಹೇಳಿ ಮುಗಿಸಿ ಅಭ್ಯಾಸಬಲದಿಂದ ಚಾಕುವನ್ನು ಮೇಜಿನ ಮೇಲಿಡಹೋದೆ. ಗೌರಿ ಆಗಲೇ ಅಂಗೈ ಚಾಚಿ ನಿಂತಿದ್ದಳು.