ಸಿಂಬಿ ಬೇರು

ಸತ್ತ ಗಿಡವೂ ಎಳೆದರೆ ಸ್ವಲ್ಪವಾದರೂ ತಡೆಯುತ್ತದೆ. ಅದು ತಡೆಯಲಿಲ್ಲ. ಚಿಂಚೋಳಿಯ ಆಚೆ, ಹಳೆಯ ಮರಗಳನ್ನೆಲ್ಲ ಕಡಿದು ಸಾಗಿಸಿದ್ದ ಗುಡ್ಡದ ಇಳಿಜಾರಿನಲ್ಲಿ ಒಣಗಿದ ಸಸಿಯೊಂದನ್ನು ಎರಡು ಬೆರಳಿನಿಂದ ಹಿಡಿದೆ. ಬುಡಸಮೇತ ಕೈಗೆ ಬಂತು. ಹಿಂದಿನ ಮಳೆಗಾಲದಲ್ಲಿ ನೆಟ್ಟ ಕಮರದ ಸಸಿ. ಕಮರ ಅಂದರೆ ಮೇಲೆ ಗೇಣುದ್ದ ಕಾಣುವ ಮೊದಲೇ ಕೆಳಗೆ ಮಾರುದ್ದ ಇಳಿಯಲು ಹವಣಿಸುವ ಮರ. ಇದರ ಬೇರು ಎಲ್ಲಿಗೂ ಇಳಿದಿರಲಿಲ್ಲ. ಪ್ಲಾಸ್ಟಿಕ್ ಚೀಲದ ತಳದಲ್ಲಿ ಹೇಗಿತ್ತೋ ಹಾಗೆಯೇ, ಹೆಂಗಸರು ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿಯಂತೆ, ಸುತ್ತಿಕೊಂಡು ಕುಳಿತಿತ್ತು. ಪಕ್ಕದ್ದನ್ನು ಎಳೆದೆ. ಅದೂ ಹಾಗೇ. ಗುಡ್ಡವನ್ನೆಲ್ಲ ನಾನು ನೋಡಲಿಲ್ಲ. ಆ ಒಂದು ಸಾಲನ್ನು ಕೊನೆಯವರೆಗೂ ನೋಡಿದೆ. ಅದರಲ್ಲಿ ಜೀವ ಇರುವುದು ಒಂದೂ ಇರಲಿಲ್ಲ. ಕಿತ್ತ ಸಸಿಗಳನ್ನು ಮುಂದಿಟ್ಟುಕೊಂಡು ಅಲ್ಲೇ ಕುಳಿತುಬಿಟ್ಟೆ.

ಎಪ್ಪತ್ತರ ದಶಕದ ಮಾತು. ನಾನು ಸೇಡಂನಿಂದ ವರ್ಗವಾಗಿ ಬಂದು ಗುಡ್ಡದ ಕೆಳಗಿನ ಅರಣ್ಯ ಇಲಾಖೆಯ ನರ್ಸರಿಯ ಜವಾಬ್ದಾರಿ ಹೊತ್ತಿದ್ದೆ. ಮುಂಗಾರಿಗೆ ಅದೇ ಇಳಿಜಾರಿನಲ್ಲಿ ಮತ್ತೆ ನೆಡಬೇಕಿತ್ತು. ಈ ಸಲವೂ ಹೋದರೆ ಗುಡ್ಡವನ್ನು ರಸ್ತೆಗೆ ಹಾಕುವ ಕೆಂಪು ಮುರುಮು ತೋಡಲು ಕೊಟ್ಟುಬಿಡುತ್ತಾರೆ ಎಂದು ಕಚೇರಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ತೋಡಿದ ಗುಡ್ಡದ ಮೇಲೆ ಆಮೇಲೆ ಯಾರೂ ಏನೂ ನೆಡಲಾರರು.

ನರ್ಸರಿಯಲ್ಲಿ ಎರಡು ಬಗೆಯ ಕಮರ ಇದ್ದವು. ಆ ವರ್ಷ ಬೀಜ ಹಾಕಿದ ಗೇಣುದ್ದದವು. ಮತ್ತು ಹಿಂದಿನ ವರ್ಷ ಉಳಿದಿದ್ದ, ನಡುಮಟ ಬೆಳೆದ, ಕಣ್ಣಿಗೆ ತುಂಬುವಂಥವು. ಆ ಎತ್ತರದವಕ್ಕೆ ಎರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಹಾಕಿದವಳು ಅಲ್ಲಿಯ ಹಿರಿಯ ಆಳು, ಒಬ್ಬ ಮುದುಕಿ. ನಾವೆಲ್ಲ ಆಯಿ ಅನ್ನುತ್ತಿದ್ದೆವು. ಅವನ್ನು ಒಯ್ಯುವುದಿಲ್ಲ ಎಂದು ನಾನು ಹೇಳಿದಾಗ ಮೊದಲು ಸಿಟ್ಟಿಗೆದ್ದವಳು ಅವಳೇ.

“ಯಾಕ್ರಿ ಸಾಹೇಬ್ರ? ನಿನ್ನೆ ಬಂದೀರಿ, ಇವತ್ತ ನನ್ನ ಗಿಡ ನಪಾಸ್ ಮಾಡಾಕತ್ತೀರಿ?”

“ಆಯಿ, ಎತ್ತರ ನೋಡಬ್ಯಾಡ. ಬೇರ ನೋಡು.”

“ಬೇರ ನೋಡಾಕ ನಾ ಏನ್ ಹೆಗ್ಗಣ ಏನ್ರಿ?”

ಉಳಿದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ಎತ್ತರದ್ದೊಂದನ್ನು ತೆಗೆದು ಚೀಲ ಸೀಳಿ, ಮಣ್ಣು ಕೊಡವಿ ಅವಳ ಮುಂದೆ ಹಿಡಿದೆ. ಅವಳು ಇನ್ನೊಂದು ಚೀಲವನ್ನು ತಾನೇ ಕುಡುಗೋಲಿನಿಂದ ಸೀಳಿದಳು. ಒಳಗೆ ಅದೇ ಸುತ್ತು.

“ಸಿಂಬಿ ಆಗ್ಯಾವ,” ಅಂದಳು. “ನನ್ನ ನೀರ ಕುಡದು ಸಿಂಬಿ ಆಗ್ಯಾವ, ಹಾಟ್ಯಾನವು,” ಎಂದು ಬೈದಳು.

ಅಂದಿನಿಂದ ನಮ್ಮಲ್ಲಿ ಆರಿಸುವ ಮಾತು ಅದೇ ಆಯಿತು. ಪ್ರತಿ ಪಾತಿಯಿಂದ ಒಂದೆರಡು ಚೀಲ ಸೀಳಿ ನೋಡುವುದು. ಬೇರು ನೆಟ್ಟಗಿದ್ದರೆ ಆ ಪಾತಿ ಗುಡ್ಡಕ್ಕೆ, ಸಿಂಬಿ ಇದ್ದರೆ ಬೇಲಿಯ ಪಕ್ಕಕ್ಕೆ.

ಮೊದಲ ಮಳೆ ಬಿದ್ದ ಮೇಲೆ ಲಾರಿ ಬಂತು. ಹಿಂದೆಯೇ ಜೀಪಿನಲ್ಲಿ ನನ್ನ ಮೇಲಧಿಕಾರಿ. ಬೇಲಿಯ ಪಕ್ಕ ನಿಂತ ಗಿಡಗಳನ್ನು ನೋಡಿ, “ಇವನ್ನ ತುಂಬ್ರಿ ಮೊದಲ,” ಅಂದರು.

ಇವು ಉಳಿಯುವುದಿಲ್ಲ ಅಂದೆ.

“ಸಣ್ಣವು ಉಳಿತಾವೇನು? ಆಡು ಬಿಡತಾವೇನು? ಮತ್ತ ಮ್ಯಾಲಿನೋರು ರಸ್ತಾದಾಗ ಗಾಡಿ ನಿಂದ್ರಿಸಿ ನೋಡತಾರ. ಏನರ ಕಾಣಬೇಕಲ್ಲ!”

ಆಡಿನ ಮಾತು ಸುಳ್ಳಲ್ಲ. ಅದನ್ನು ನಾನು ಒಪ್ಪಿದೆ. ಆದರೆ ಲಾರಿಯ ಹಿಂದಿನ ಹಲಗೆಗೆ ಬೆನ್ನು ಕೊಟ್ಟು ನಿಂತೆ. ಸತ್ತದ್ದು ಕಂಡರೆ ಏನು ಬಂತು ಎಂದು ಕೇಳಿದೆ. ಅಲ್ಲಿಂದ ಸರಿಯಲಿಲ್ಲ.

“ಶಹಾಬಾದ್ ನಾಕಾಕ್ಕ ಹಾಕಸ್ತೀನಿ. ಲಾರಿ ತಡದು ಚೀಟಿ ನೋಡಕೋಂತ ಕುಂದ್ರು.”

“ಹಾಕಸ್ರಿ. ಇವನ್ನ ಮಾತ್ರ ನಾ ಏರಸೂದಿಲ್ಲ.”

ಆಗ ಆಯಿ ಬಂದಳು. ತಲೆಯ ಮೇಲಿನ ಸಿಂಬಿ ತೆಗೆದು ಜೀಪಿನ ಮೂತಿಯ ಮೇಲೆ ಇಟ್ಟಳು. ಪಕ್ಕದಲ್ಲಿ ಸುತ್ತಿದ ಬೇರಿನ ಗಿಡ ಇಟ್ಟಳು.

“ಇದನ್ನೂ ನೆಲದಾಗ ಹಚ್ಚರಿ ಸಾಹೇಬ್ರ. ಎರಡೂ ಒಂದ ಜಾತಿ. ನಂದು ಹಳೇ ಸೀರಿದು, ಭಾಳ ಗಟ್ಟಿ ಅದ. ಚಿಗತರ ಹೇಳ್ರಿ.”

ಅವರು ನಗಲಿಲ್ಲ, ಸೋಲಲೂ ಇಲ್ಲ. ಆಳುಗಳಿಗೆ ತುಂಬಿರೆಂದು ಮತ್ತೊಮ್ಮೆ ಹೇಳಿದರು. ಒಬ್ಬ ಹೆಂಗಸೂ ಕೈ ಹಾಕಲಿಲ್ಲ. ಮಳೆ ಮತ್ತೆ ಹನಿಯಲು ಶುರುವಾಯಿತು. ಲಾರಿ ಖಾಲಿ ಹೋಗುವಂತಿರಲಿಲ್ಲ. “ನಿನ್ನ ಹಣೆಬಾರ,” ಎಂದು ಜೀಪು ಹತ್ತಿದರು. ನಾವು ಗೇಣುದ್ದದವನ್ನು ತುಂಬಿದೆವು.

ನೆಟ್ಟು ಮುಗಿಯುವಷ್ಟರಲ್ಲಿ ನನಗೆ ಶಹಾಬಾದ್ ನಾಕಾಕ್ಕೆ ವರ್ಗವಾಯಿತು. ಲಾರಿಗಳನ್ನು ತಡೆದು ಚೀಟಿ ನೋಡಿದೆ. ಅಲ್ಲಿಯ ಗಣಿಗಳ ಫರಸಿ ಕಲ್ಲಿನ ಧೂಳು ಅಂಗಿಯಿಂದ ಹೋಗುತ್ತಿರಲಿಲ್ಲ. ತಪ್ಪಾಯಿತೆಂದು ಒಂದು ಮಾತು ಹೇಳಿದರೆ ವಾಪಸ್ ಕರೆಸುತ್ತಾರೆ ಎಂದು ಹೇಳಿಕಳಿಸಿದವರಿದ್ದರು. ಹೇಳಲಿಲ್ಲ.

ಮರುವರ್ಷ ಬೇಸಿಗೆಯ ಕೊನೆಗೆ ರಜೆ ಹಾಕಿ, ಸುಲೇಪೇಟದಲ್ಲಿ ಬಸ್ಸು ಬದಲಿಸಿ ಗುಡ್ಡಕ್ಕೆ ಹೋದೆ. ಆಯಿ ಜೊತೆಗೆ ಬಂದಳು. ರಸ್ತೆಯಿಂದ ಏನೂ ಕಾಣುತ್ತಿರಲಿಲ್ಲ. ಅಧಿಕಾರಿ ಹೇಳಿದ್ದು ನಿಜವೇ ಆಗಿತ್ತು. ಹತ್ತಿರ ಹೋದರೆ ಆಡು ತಿಂದು ಮೊಂಡಾದ ಕಡ್ಡಿಗಳು. ಕೆಲವು ಸತ್ತಿದ್ದವು. ಬಹಳಷ್ಟರ ಬುಡದಲ್ಲಿ ಮಾತ್ರ ಕಮರದ ಜೋಡಿ ಎಲೆಗಳು, ಹೊಸವು, ಕೆಂಪು ಕೆಂಪು.

ಒಂದನ್ನು ಎರಡು ಬೆರಳಿನಿಂದ ಹಿಡಿದು ಎಳೆದೆ. ಬರಲಿಲ್ಲ. ಮುಷ್ಟಿ ಹಾಕಿ ಎಳೆದೆ. ಅಂಗೈ ಉರಿಯಿತು.

“ಬಿಡ್ರಿ ಅದನ್ನ,” ಆಯಿ ಗದರಿದಳು. “ಕಿತ್ತು ಬಂದ್ರ ಮತ್ತ ಹಚ್ಚಾಕ ನೀವು ಇಲ್ಲಿ ಇದ್ದೀರೇನು?”